ಬೀಜದ ಬೀರುವಿನ ಕೀಲಿಕೈ

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕೆಂಪಗಿರುತ್ತಿತ್ತು. ಎಲೆ ಅಡಿಕೆಯ ಕೆಂಪಲ್ಲ, ಅರಗಿನ ಕೆಂಪು. ಬೀಜದ ಪೊಟ್ಟಣದ ಗಂಟಿಗೆ ಕಾಯಿಸಿದ ಅರಗು ಬಿಟ್ಟು, ಅದು ಆರುವ ಮೊದಲೇ ಹೆಬ್ಬೆರಳಿನ ಉಗುರಿನಿಂದ ಒತ್ತುತ್ತಿದ್ದರು. ಆ ಉಗುರಿನ ನಟ್ಟನಡುವೆ ಉದ್ದಕ್ಕೆ ಒಂದು ಸೀಳು. ಹಿಂದೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸ ಮಾಡುವಾಗ ಯಂತ್ರಕ್ಕೆ ಸಿಕ್ಕು ಆದದ್ದು. ಅರಗಿನ ಮೇಲೆ ಆ ಸೀಳು ಸಣ್ಣ ಏಣಾಗಿ ಮೂಡುತ್ತಿತ್ತು. ಕಾಲೇಜಿಗೆ ಹಿತ್ತಾಳೆಯ ಮೊಹರು ಇರಲಿಲ್ಲ ಅಂತಲ್ಲ. ಅದು ಮೇಜಿನ ಮೇಲೆ ಕಂಡವರ ಕೈಗೆ ಸಿಗುವಂತೆ ಬಿದ್ದಿರುತ್ತಿತ್ತು. "ಮೊಹರು ಯಾರ್ ಬೇಕಾದ್ರೂ ಒತ್ತಬೌದ್ರಿ ಅಕ್ಕೋರೆ. ಈ ಉಗುರು ನಂದೊಂದೇ ಐತೆ" ಅನ್ನುತ್ತಿದ್ದರು. ಕೊನೆಗೆ ಅವರನ್ನು ಕೆಡವಿದ್ದೂ ಅದೇ ಉಗುರು.

ದಾವಣಗೆರೆಯ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅವರು ಅಟೆಂಡರ್. ನಾನು ಅಲ್ಲೇ ಡೆಮಾನ್‌ಸ್ಟ್ರೇಟರ್, ಅಂದರೆ ಹುಡುಗರಿಗೆ ಹೂವು, ಬೇರು ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತೋರಿಸುವವಳು. ಹರಿಹರದಿಂದ ದಿನಾ ಬೆಳಿಗ್ಗೆ ರೈಲಿಗೆ ಬಂದು ಸಂಜೆ ರೈಲಿಗೆ ಹೋಗುತ್ತಿದ್ದೆ. ನಮ್ಮ ಓಣಿಯಲ್ಲಿ ಎಂ.ಎಸ್ಸಿ. ಮಾಡಿದ ಮೊದಲ ಹೆಣ್ಣು ನಾನೇ. ಆ ಸೊಕ್ಕು ನನಗೆ ಸಾಕಷ್ಟಿತ್ತು. ಅಟೆಂಡರನ್ನು ಆಗ ನಾವೆಲ್ಲ ಏಕವಚನದಲ್ಲೇ ಕರೆಯುತ್ತಿದ್ದೆವು. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು, ಆದರೂ "ಬಾರಪ್ಪ, ಹೋಗಪ್ಪ". ಈಗ ಕಾಗದದ ಮೇಲೆ "ಅವರು" ಅಂತ ಬರೆಯುತ್ತಿದ್ದೇನೆ. ಸತ್ತ ಮೇಲೆ ಕೊಡುವ ಮರ್ಯಾದೆ ಬಹಳ ಅಗ್ಗ.

ಊರು ಕೊಕ್ಕನೂರು. ಖಾಕಿ ಕೋಟು, ಬಿಳಿ ಟೋಪಿ, ಹಣೆ ತುಂಬ ವಿಭೂತಿ. ಮಧ್ಯಾಹ್ನ ಎಲ್ಲರೂ ಮಂಡಕ್ಕಿ ಮೆಣಸಿನಕಾಯಿ ತರಿಸಿ ಹರಟುತ್ತ ಕೂತರೆ, ಅವರು ಬೀಜದ ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ಒಂದೊಂದೇ ಪೊಟ್ಟಣ ಬಿಚ್ಚಿ, ಒಂದು ಕಾಳು ಮುಂದಿನ ಹಲ್ಲಿಗೆ ಇಟ್ಟು ಕಚ್ಚಿ ನೋಡುತ್ತಿದ್ದರು. ಟಕ್ ಅಂದರೆ ಒಣಗಿದೆ, ಮೆತ್ತಗಿದ್ದರೆ ಬಿಸಿಲಿಗೆ. ನಮ್ಮ ಹತ್ತಿರ ತೇವ ಅಳೆಯುವ ಉಪಕರಣ ಇತ್ತು. ಅದು ಕೆಟ್ಟು ಎರಡು ವರ್ಷವಾಗಿತ್ತು. ಯಾರೂ ಗಮನಿಸಿರಲಿಲ್ಲ, ಏಕೆಂದರೆ ಆ ಹಲ್ಲು ಕೆಟ್ಟಿರಲಿಲ್ಲ.

ಅವರದು ಕೆಲವು ಕಟ್ಟಳೆಗಳು. ಮೊದಲನೆಯದು, ಬೀರುವಿನಿಂದ ಯಾವ ಬೀಜ ಹೊರಗೆ ಹೋದರೂ ಒಂದು ಹಿಡಿ ಒಳಗೆ ಉಳಿಯಬೇಕು. ನಮ್ಮ ಕಡೆ ಹೆಂಗಸರು ಯಾರಿಗಾದರೂ ಕಾಳು ಕೊಡುವಾಗ ಮೊರವನ್ನು ಪೂರ್ತಿ ಕೊಡವುವುದಿಲ್ಲ, ನಾಲ್ಕು ಕಾಳು ಮೊರದಲ್ಲೇ ಬಿಡುತ್ತಾರಲ್ಲ, ಅದೇ ಪದ್ಧತಿ. ಪೊಟ್ಟಣದ ಮೇಲೆ ಊರಿನ ಹೆಸರಾಗಲಿ ಬೀಜ ಕೊಟ್ಟವರ ಹೆಸರಾಗಲಿ ಇರಕೂಡದು, ಬರೀ ಅಂಕಿ. ಯಾವ ಅಂಕಿ ಯಾವ ಊರು, ಯಾರ ಮನೆ ಎಂಬ ಪಟ್ಟಿ ಬೀರುವಿನೊಳಗೇ ಇರಬೇಕು. ಇನ್ನು ಹೊರಗಿನವರು ಎಷ್ಟೇ ದೊಡ್ಡವರಾಗಲಿ, ಬೀರುವಿನ ಕೋಣೆಯಲ್ಲಿ ಅವರೊಬ್ಬರನ್ನೇ ಬಿಡುವ ಹಾಗಿಲ್ಲ. ಕೊಟ್ಟದ್ದು, ತಂದದ್ದು ಬರೆಯಲು ಒಂದು ಉದ್ದನೆಯ ಪುಸ್ತಕ ಇಟ್ಟಿದ್ದರು. ಏನು, ಯಾರಿಗೆ, ಯಾಕೆ, ಕೊನೆಯಲ್ಲಿ "ವಾಪಸ್" ಅಂತ ಗೆರೆ ಎಳೆದ ಒಂದು ಮನೆ. ಕೀಲಿಕೈ ಉಡಿದಾರಕ್ಕೆ ಕಟ್ಟಿರುತ್ತಿತ್ತು. ಯಾರಿಗಾದರೂ ಕೊಟ್ಟರೆ ಅದನ್ನೂ ಬರೆಯುತ್ತಿದ್ದರು. ವಾಪಸ್ ತಂದದ್ದನ್ನು ಮೇಜಿನ ಮೇಲಿಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ. "ಕೈಯಾಗಿಂದ ಹೋಗೈತೆ, ಕೈಗೇ ಬರ್ಲಿ" ಅನ್ನುವರು.

ನಾವು ನಗುತ್ತಿದ್ದೆವು. "ಏನಪ್ಪಾ, ಒಳಗೇನು ನಿಧಿ ಐತಾ?" ಅಂತ ನಾನೇ ಎಷ್ಟೋ ಸಲ ಕೆಣಕಿದ್ದೇನೆ.

"ನಿಧಿ ಹೋದ್ರೆ ಹೋಗ್ಲಿ ಬಿಡ್ರಿ, ಮತ್ತೆ ದುಡೀಬೌದು" ಅನ್ನುತ್ತಿದ್ದರು. "ಬೀಜ ಹೋದ್ರೆ ಎಲ್ಲಿಂದ ತರ್ತೀರಿ?"

ನಮ್ಮ ವಿಭಾಗಕ್ಕೂ ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯಕ್ಕೂ ಸಹಕಾರ ಶುರುವಾದದ್ದು ಅರವತ್ತರ ಆಸುಪಾಸಿನಲ್ಲಿ. ತುಂಗಭದ್ರೆಯ ದಂಡೆಯ ಹಳ್ಳಿಗಳ ಜೋಳದ ತಳಿಗಳನ್ನು ಕೂಡಿಹಾಕಿ, ಇಬ್ಬರೂ ಸೇರಿ ಅಭ್ಯಾಸ ಮಾಡುವುದು ಅಂತ. ನಮ್ಮ ಮುಖ್ಯಸ್ಥರಿಗೆ, ಹೆಡ್ ಸಾಹೇಬರು ಅನ್ನುತ್ತಿದ್ದೆವು, ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಲ್ಲಿಂದ ಒಬ್ಬ ವಿದ್ವಾಂಸ ಬಂದ. ಎತ್ತರದ ಆಳು, ಬಿಸಿಲಿಗೆ ಮೂಗು ಸುಲಿದು ಹೋಗಿತ್ತು. ಒಳ್ಳೆಯವನೇ. ಈ ಕಥೆಯಲ್ಲಿ ಕೆಟ್ಟವರನ್ನು ಹುಡುಕುವವರು ಅವನ ಹತ್ತಿರ ಹೋಗುವುದು ಬೇಡ, ನಾವು ಇಲ್ಲೇ ಇದ್ದೆವು.

ಅವನು ಬಂದ ಮೊದಲ ದಿನವೇ ಅಟೆಂಡರ್ ಅವನ ಜೊತೆ ಬೀರುವಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಅವನು ಎದ್ದು ಹೋಗುವವರೆಗೆ ಇವರೂ ಏಳಲಿಲ್ಲ. ಹೆಡ್ ಸಾಹೇಬರು ಹೊರಗೆ ಕರೆದು ಗದರಿದರು. "ಅವರೇನು ಕಳ್ಳರೇನಯ್ಯಾ? ನಮ್ಮ ಜೊತೆ ಕೆಲಸ ಮಾಡೋ ದೊಡ್ಡ ಮನುಷ್ಯರು!"

"ಕಳ್ಳರು ಅಂತ ನಾನೆಲ್ಲಿ ಅಂದೆ ಸಾರ್? ಬೀಗರು ಬಂದ್ರೆ ಹೋಳಿಗಿ ಮಾಡಿ ಬಡಿಸ್ತೀವಿ. ಬೀಜದ ಗಡಿಗಿ ಹತ್ರ ಒಬ್ಬರನ್ನೇ ಬಿಡ್ತೀವೇನ್ರಿ? ಬೀಗರಿಗೂ ಒಳ್ಳೇದು, ನಮಗೂ ಒಳ್ಳೇದು. ನಾಳೆ ಏನಾರ ಕಡಿಮಿ ಬಂದ್ರೆ ಅವರ ಮ್ಯಾಲೆ ಮಾತು ಬರಲ್ಲ."

ಈ ಮಾತಿನ ತೂಕ ನನಗೆ ಗೊತ್ತಾಗಲು ಎಷ್ಟೋ ವರ್ಷ ಹಿಡಿಯಿತು. ಆ ದಿನ ಹಳ್ಳಿಗಮಾರ ಅಂದುಕೊಂಡೆ.

ಸುಗ್ಗಿ ಮುಗಿದ ಮೇಲೆ ಜೀಪು ಮಾಡಿಕೊಂಡು ಹಳ್ಳಿ ಹಳ್ಳಿ ತಿರುಗಿದೆವು. ಕೊಕ್ಕನೂರಿನಲ್ಲಿ ಅಟೆಂಡರ್ ನಮ್ಮನ್ನು ತಮಗೆ ಗೊತ್ತಿದ್ದ ಒಬ್ಬ ಮುದುಕಿಯ ಮನೆಗೆ ಕರೆದುಕೊಂಡು ಹೋದರು. ಗಂಡ ಇಲ್ಲ, ಹೊಳೆಯ ಮಗ್ಗುಲಲ್ಲೇ ಒಂದು ಪಟ್ಟಿ ಹೊಲ. ಆಕೆಯ ಹತ್ತಿರ ಒಂದು ಜೋಳ ಇತ್ತು, ಮಾಸಲು ಕೆಂಪು ಬಣ್ಣದ ಸಣ್ಣ ಕಾಳು. "ಹೊಳಿ ಹೊಲದಾಗ ಎಂಟ್ ದಿನ ನಿಂತ್ರೂ ಇದು ಸಾಯಲ್ಲಪ್ಪ. ನಮ್ಮತ್ತಿ ಕೊಟ್ಟದ್ದು. ಅವರಿಗೆ ಅವರತ್ತಿ" ಅಂದಳು. ಬೂದಿ ಬೆರೆಸಿಟ್ಟ ಗಡಿಗೆಯಿಂದ ಮೊರಕ್ಕೆ ಸುರಿದು, ಕೇರಿ, ತಂದಿಟ್ಟಳು. ವಿದ್ವಾಂಸನಿಗೆ ಹಿಗ್ಗೋ ಹಿಗ್ಗು. ಎರಡೂ ಕೈಯಲ್ಲಿ ಮೊರ ಎತ್ತಿ ಚೀಲಕ್ಕೆ ಸುರಿದವನು ಒಂದು ಕಾಳೂ ಉಳಿಯದಿರಲಿ ಅಂತ ಮೊರದ ಬೆನ್ನಿಗೆ ತಟ್ಟಲು ಕೈ ಎತ್ತಿದ. ಅಟೆಂಡರ್ ಅವನ ಮಣಿಕಟ್ಟು ಹಿಡಿದುಬಿಟ್ಟರು.

ಖಾಕಿ ಕೋಟಿನವನು ಸಾಹೇಬನ ಕೈ ಹಿಡಿಯುವುದೆಂದರೆ! ಹೆಡ್ ಸಾಹೇಬರ ಮುಖ ಕೆಂಡವಾಯಿತು.

"ಅಷ್ಟೂ ಕೊಡವಬ್ಯಾಡ್ರಿ ದೊರೆ. ಮೊರ ಬರಿದು ಮಾಡಬಾರ್ದು" ಅಂದು, ಮೊರ ಇಸಿದುಕೊಂಡು, ತಳದಲ್ಲಿ ಉಳಿದದ್ದನ್ನು ಮುದುಕಿಯ ಉಡಿಗೆ ಹಾಕಿದರು. ನಾನು ನಾಚಿಕೆಯಿಂದ ಕುಗ್ಗುತ್ತ ಇಂಗ್ಲಿಷಿನಲ್ಲಿ ಏನೋ ಸಮಜಾಯಿಷಿ ಹೇಳಿದೆ. ಅವನು ನಕ್ಕು, ಆ ಪದ್ಧತಿಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ.

ಮುದುಕಿ ಬಾಗಿಲವರೆಗೆ ಬಂದು ಅಟೆಂಡರನ್ನು ನಿಲ್ಲಿಸಿ ಕೇಳಿದಳು. "ಎಪ್ಪಾ, ನನ್ನ ಗಡಿಗಿಗೆ ಹುಳ ಬಿದ್ರೆ, ಇಲ್ಲಾ ಹೊಳಿ ಪಾಲಾದ್ರೆ, ಆಮ್ಯಾಲೆ ನಾ ಯಾರ್ನ ಕೇಳ್ಲಿ?"

"ನನ್ನ ಕೇಳವ್ವ. ಒಂದು ಹಿಡಿ ನನ್ನ ಹತ್ರ ಇದ್ದೇ ಇರ್ತೈತೆ. ಉಕ್ಕಡಗಾತ್ರಿ ಅಜ್ಜಯ್ಯನ ಆಣಿ."

ಪ್ರತಿ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ನಡೆದು ಹೋಗಿ ಕರಿಬಸವೇಶ್ವರನಿಗೆ ಕಾಯಿ ಒಡೆಸಿ ಬರುವ ಮನುಷ್ಯ. ಅಜ್ಜಯ್ಯನ ಆಣೆ ಅವರ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ.

ವಿದ್ವಾಂಸ ತನ್ನ ದೇಶಕ್ಕೆ ಹೋದ. ಹೋಗಿ ವರ್ಷವೊಪ್ಪತ್ತಿಗೆ ಕಾಗದ ಬರೆದ. ಬೀಜಗಳನ್ನು ಕಳಿಸಿಕೊಡಿ, ಯಾವ ಅಂಕಿ ಯಾವ ಊರಿನದು ಎಂಬ ಪಟ್ಟಿಯೂ ಬೇಕು, ಹಳ್ಳಿಗಳು ಎಲ್ಲೆಲ್ಲಿವೆ ಎಂದು ತಿಳಿಯಲು ಒಂದು ಕೈನಕ್ಷೆ ಇದ್ದರೆ ಅನುಕೂಲ. ಕೊನೆಗೆ ನನ್ನ ವಿಷಯ ಇತ್ತು. ಈ ಹುಡುಗಿ ಇಲ್ಲಿಗೆ ಬಂದು ಎರಡು ವರ್ಷ ಸಂಶೋಧನೆ ಮಾಡುವುದಾದರೆ ಸಹಾಯವೇತನ ಕೊಡಿಸಲು ಪ್ರಯತ್ನಿಸುತ್ತೇನೆ ಎಂದು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ! ಆ ಸಂಜೆ ರೈಲಿನಲ್ಲಿ ಕೂತು ಹರಿಹರ ಬಂದದ್ದು ಗೊತ್ತಾಗದೆ ಮುಂದಿನ ನಿಲ್ದಾಣಕ್ಕೆ ಹೋಗಿದ್ದೆ.

ಹೆಡ್ ಸಾಹೇಬರು ಅಟೆಂಡರನ್ನು ಕರೆದು, ಬೀಜ ಎಲ್ಲ ಕಟ್ಟು, ಒಂದು ಕಾಳೂ ಇಲ್ಲಿ ಉಳಿಯಬಾರದು ಅಂದರು. ಅವರಲ್ಲಿ ತಣ್ಣನೆಯ ಕೋಣೆ ಇದೆ, ನಮ್ಮಲ್ಲಿದ್ದರೆ ಹುಳದ ಪಾಲು ಎಂದು ಅವರ ವಾದ. ಅಟೆಂಡರ್ ಕೈ ಕಟ್ಟಿಕೊಂಡು ನಿಂತೇ ಇದ್ದರು.

"ಒಂದೊಂದು ಹಿಡಿ ಇಲ್ಲಿರ್ಲಿ ಸಾರ್."

"ಪೂರ್ತಿ ಕಳಿಸ್ತೀವಿ ಅಂತ ನಾನು ಬರೆದಾಗಿದೆ. ಹೇಳಿದಷ್ಟು ಮಾಡು."

"ಆತ್ರಿ. ಪಟ್ಟಿ ಮಾತ್ರ ನಾನು ಹಂಗೇ ಕೊಡಾಕಾಗಲ್ಲ ಸಾರ್. ಊರವರ ಹೆಸರು ಅದಾವು ಅದರಾಗೆ. ನೀವು ಒಂದು ಚೀಟಿ ಬರೆದು ಸಹಿ ಹಾಕಿ ಕೊಡ್ರಿ, ಕೊಡ್ತೀನಿ."

ಅವರು ಹೊರಗೆ ಹೋದ ಮೇಲೆ ಹೆಡ್ ಸಾಹೇಬರು ನನ್ನ ಕಡೆ ತಿರುಗಿದರು. "ನಾನು ಬರೆದುಕೊಟ್ಟರೆ ನಾಳೆ ಯಾರಾದರೂ ನನ್ನನ್ನೇ ಕೇಳ್ತಾರೆ. ನೀನೇ ಏನಾದರೂ ಮಾಡಮ್ಮ. ಹೋಗೋಳು ನೀನು ತಾನೆ?" ಅಂದರು. ಕೈ ಸುಡುವ ಕೆಲಸಕ್ಕೆ ಇನ್ನೊಬ್ಬರ ಕೈ ಹುಡುಕುವ ಜಾಣ. ನಾನು ಆ ಕೈಯನ್ನು ಖುಷಿಯಿಂದ ಚಾಚಿದೆ.

ಮಾರನೆಯ ದಿನ ಅಟೆಂಡರ್ ಹತ್ತಿರ ಹೋಗಿ ಹಸಿ ಸುಳ್ಳು ಹೇಳಿದೆ. "ಪೊಟ್ಟಣ ಎಷ್ಟಿದಾವೆ ಅಂತ ನಾನೇ ಒಂದ್ಸಲ ಎಣಿಸಬೇಕಂತೆ. ಕೀಲಿಕೈ ಕೊಡು."

"ನಾನೂ ಬರ್ಲೇನ್ರಿ?"

"ಯಾಕ? ನನ್ನ ಮೇಲೆ ನಂಬಿಕೆ ಇಲ್ವಾ?"

ಅವರು ನನ್ನ ಮುಖ ನೋಡಿದರು. ಆಮೇಲೆ ಉಡಿದಾರದ ಗಂಟು ಬಿಚ್ಚಿದರು. "ನಿಮ್ಮ ಮ್ಯಾಲೆ ಇಲ್ದೆ ಇನ್ಯಾರ ಮ್ಯಾಲೆ ಇಡ್ಲಿ ಅಕ್ಕೋರೆ? ಕೈಯಾಗ ಕೊಡ್ತಿದೀನಿ, ಕೈಗೇ ಕೊಡ್ರಿ ಮತ್ತೆ" ಅಂದು ಪುಸ್ತಕ ತೆಗೆದು ಬರೆದುಕೊಂಡರು.

ಒಂದು ಗಂಟೆ ಕೂತು ಪಟ್ಟಿಯನ್ನೆಲ್ಲ ನಕಲು ಮಾಡಿದೆ. ಕೊಕ್ಕನೂರಿನ ಮುದುಕಿಯ ಹೆಸರು, ಅವಳ ಹೊಲದ ಗುರುತು ಸಮೇತ. ಅಟೆಂಡರ್ ಚಹಾಕ್ಕೆ ಹೋಗಿದ್ದ ಹೊತ್ತು ನೋಡಿ ಕೀಲಿಕೈಯನ್ನು ಅವರ ಸ್ಟೂಲಿನ ಮೇಲೆ ಇಟ್ಟು ಬಂದುಬಿಟ್ಟೆ. ಅವರ ಕೈಗೆ ಕೊಡಲು ಮುಖ ಇರಲಿಲ್ಲ.

ಆಮೇಲೆ ನಕ್ಷೆ. ಅವನು ಕೇಳಿದ್ದು ಹಳ್ಳಿಗಳ ಜಾಗ ಅಷ್ಟೇ. ನನಗೋ ಚಿತ್ರ ಬರೆಯುವ ಹುಚ್ಚು, ಮೇಲೆ ಹರಿಹರದ ಅಭಿಮಾನ. ಪರದೇಶದವರು ನೋಡುವ ಕಾಗದದಲ್ಲಿ ನಮ್ಮೂರು ಬರೀ ಒಂದು ಚುಕ್ಕೆಯಾಗಿ ಇರಬೇಕೇ? ಹೊಳೆ ಬರೆದೆ. ಹೊಳೆಯ ಮೇಲಿನ ನಮ್ಮ ಕಲ್ಲುಸೇತುವೆಯನ್ನು ಒಂದೊಂದು ಕಮಾನೂ ಬಿಡದೆ ಬರೆದೆ. ರೈಲು ಸೇತುವೆ ಬರೆದೆ. ಬೇಸಿಗೆಯಲ್ಲಿ ಗಾಡಿಗಳು ಎಲ್ಲೆಲ್ಲಿ ಹೊಳೆ ದಾಟುತ್ತವೆ, ಎಲ್ಲಿ ನೀರು ಮೊಳಕಾಲುದ್ದ, ಎಲ್ಲಿ ಎದೆಯುದ್ದ ಎಲ್ಲವನ್ನೂ ಇಂಡಿಯನ್ ಇಂಕಿನಲ್ಲಿ ಸಣ್ಣಗೆ ಬರೆದೆ. ಹರಿಹರದ ಹುಡುಗಿಗೆ ಅದೆಲ್ಲ ಬಾಯಿಪಾಠ. ಜೋಳಕ್ಕೂ ಕಮಾನಿಗೂ ಏನು ಸಂಬಂಧ ಅಂತ ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ. ಹೆಡ್ ಸಾಹೇಬರು ನೋಡಿ "ಭೇಷ್" ಅಂದರು. ನಕ್ಷೆ, ಪಟ್ಟಿ ಎರಡನ್ನೂ ದೊಡ್ಡ ಲಕೋಟೆಗೆ ಹಾಕಿ ಅಂಟಿಸಿ, ಅಟೆಂಡರ್ ಪಾರ್ಸೆಲ್ ಹೊಲಿಯುವಾಗ ಅವರ ಕೈಗೆ ಕೊಟ್ಟೆ.

"ಏನ್ರಿ ಇದು?"

"ಸಾಹೇಬರ ಪತ್ರ. ಒಳಗಿಡು."

ಇಟ್ಟರು. ಗೋಣಿದಬ್ಬಣದಿಂದ ಹೊಲಿದು, ಗಂಟು ಗಂಟಿಗೂ ಅರಗು ಬಿಟ್ಟು, ಉಗುರು ಒತ್ತಿದರು.

ಪಾರ್ಸೆಲ್ ಮುಂಬಯಿಯ ಬಂದರಿನಲ್ಲಿ ಹಡಗಿಗೆ ಕಾಯುತ್ತಿದ್ದಾಗ ಚೀನಾದ ಯುದ್ಧ ಶುರುವಾಯಿತು. ಹೊರದೇಶಕ್ಕೆ ಹೋಗುವುದನ್ನೆಲ್ಲ ಬಿಚ್ಚಿ ನೋಡುತ್ತಿದ್ದ ಕಾಲ. ಜೋಳದ ಪೊಟ್ಟಣಗಳ ನಡುವೆ ಎರಡು ಸೇತುವೆ, ಹೊಳೆಯ ಆಳ, ದಾಟುವ ಜಾಗ ಎಲ್ಲ ಇರುವ ನಕ್ಷೆ ಸಿಕ್ಕರೆ ಅವರು ಇನ್ನೇನು ತಿಳಿಯಬೇಕು? ವಿಚಾರಣೆ ಇದೆ ಅಂತ ಕಾಲೇಜಿಗೆ ತಂತಿ ಬಂತು. ಎರಡು ದಿನ ಬಿಟ್ಟು ಒಂದು ಬೆಳಿಗ್ಗೆ ಬೆಂಗಳೂರಿನಿಂದ ಒಬ್ಬ ಅಧಿಕಾರಿ, ಜೊತೆಗೆ ಇಬ್ಬರು, ನಮ್ಮ ವಿಭಾಗದ ಮೆಟ್ಟಿಲು ಹತ್ತಿದರು. ಅವರ ಕೈಯಲ್ಲಿ ಅರಗಿನ ಒಂದು ಚೂರು. ಅದರ ನಟ್ಟನಡುವೆ ಏಣು.

ಹೆಡ್ ಸಾಹೇಬರ ಕೋಣೆಗೆ ಎಲ್ಲರನ್ನೂ ಕರೆದರು. ನಾನು ಗೋಡೆಗೆ ಒರಗಿ, ಬಲಗೈ ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ನನ್ನ ಬೆರಳಿಗೆ ಆಗ ಇಂಕು ಇರಲೇ ಇಲ್ಲ.

ಹೆಡ್ ಸಾಹೇಬರು ಮೊದಲೇ ತಯಾರಾಗಿದ್ದರು. "ನಕ್ಷೆ ಯಾವುದೋ ಹಳೆಯ ವಿದ್ಯಾರ್ಥಿ ಬರೆದದ್ದು ಬೀರುವಿನಲ್ಲಿತ್ತು. ಪಾರ್ಸೆಲ್ಲಿಗೆ ಅದು ಹೇಗೆ ಸೇರಿತೋ ನನಗೆ ಗೊತ್ತಿಲ್ಲ. ಬೀರು, ಪಾರ್ಸೆಲ್ ಎಲ್ಲ ಅಟೆಂಡರ್ ಕೈಯಲ್ಲಿ" ಅಂದರು. ಎದುರಿಗೆ ನಿಂತಿದ್ದ ಅಟೆಂಡರ್ ಮುಖ ನೋಡಿಕೊಂಡೇ ಹೇಳಿದರು, ಎಂಥ ಗುಂಡಿಗೆ!

ಅಧಿಕಾರಿ ಅಟೆಂಡರನ್ನು ಕೇಳಿದ. "ಇದು ನಿನ್ನ ಉಗುರಿನ ಗುರುತೇನಯ್ಯ?"

"ಹೌದ್ರಿ, ನಂದೇ."

"ಬೀರುವಿನ ಕೀಲಿಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರಾನೇ ಇರ್ತೈತ್ರಿ."

"ಬೇರೆ ಯಾರಿಗಾದರೂ ಕೊಟ್ಟಿದ್ದೆಯಾ?"

ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ, ಹಾಗಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳೇ ಇರಬೇಕು.

"ಇಲ್ರಿ" ಅಂದರು.

ಅಧಿಕಾರಿ ಉದ್ದನೆಯ ಪುಸ್ತಕ ತರಿಸಿ ಹಾಳೆ ತಿರುವಿದ. ಪಾರ್ಸೆಲ್ ಹೋದ ವಾರದ ಹಾಳೆ ಇರಲಿಲ್ಲ. ಹರಿದ ಅಂಚು ಮಾತ್ರ ಹೊಲಿಗೆಯಲ್ಲಿ ನಿಂತಿತ್ತು.

"ಹಾಳೆ ಎಲ್ಲಿ?"

"ಇಲಿ ಕಡದಿರಬೇಕ್ರಿ."

ಅಲ್ಲಿಗೆ ಮುಗಿಯಿತು. ಇಷ್ಟು ವರ್ಷದಲ್ಲಿ ಒಂದು ಸಾಲು ತಪ್ಪದ ಪುಸ್ತಕದಲ್ಲಿ ಸರಿಯಾಗಿ ಅದೇ ಹಾಳೆಯನ್ನು ಇಲಿ ಕಡಿಯುವುದುಂಟೇ? ಕೋಣೆಯಲ್ಲಿದ್ದ ಎಲ್ಲರಿಗೂ ಅವರು ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ನನಗೂ ಅನ್ನಿಸಿತು! ಸತ್ಯ ಪೂರ್ತಿ ಗೊತ್ತಿದ್ದ ನನಗೇ, ಇವನದೂ ಏನೋ ಇತ್ತೇನೋ, ಇಲ್ಲದಿದ್ದರೆ ಹಾಳೆ ಯಾಕೆ ಹರಿಯಬೇಕು ಎಂಬ ಯೋಚನೆ ಬಂತು. ಬಂದದ್ದೇ ಹಿತವಾಯಿತು. ಅಧಿಕಾರಿ ನನ್ನನ್ನು ಕೇಳಿದಾಗ "ನನಗೆ ಏನೂ ಗೊತ್ತಿಲ್ಲ" ಅಂದೆ.

ಮಧ್ಯಾಹ್ನ ಅವರ ಮನೆ ಶೋಧಿಸಿದರು. ಅಟ್ಟದ ಮೇಲೆ ಒಂದು ಗಡಿಗೆ ಸಿಕ್ಕಿತು. ಅದರೊಳಗೆ ಬೂದಿಯಲ್ಲಿ ಹೂತಿಟ್ಟ ಬಟ್ಟೆಯ ಗಂಟುಗಳು, ಒಂದೊಂದಕ್ಕೂ ಒಂದು ಅಂಕಿಯ ಚೀಟಿ, ಒಂದೊಂದರಲ್ಲೂ ಒಂದು ಹಿಡಿ ಜೋಳ. "ನೋಡಿದಿರಾ? ಕಾಲೇಜಿನ ಮಾಲು ಕದ್ದಿದ್ದಾನೆ" ಅಂದರು ಹೆಡ್ ಸಾಹೇಬರು. ನಕ್ಷೆ ಬರೆಯಲು ಬಾರದ ಮನುಷ್ಯನನ್ನು ಗೂಢಚಾರ ಅಂತ ಹೇಳಲು ಅಧಿಕಾರಿಗೂ ಮನಸ್ಸು ಒಪ್ಪಲಿಲ್ಲ. ಹಾಗಾಗಿ ಜೈಲು ತಪ್ಪಿತು. ಕಳ್ಳ ಅಂತ ಬರೆದು ಕೆಲಸದಿಂದ ತೆಗೆದರು. ಹೋಗುವ ದಿನ ಖಾಕಿ ಕೋಟನ್ನು ಮಡಿಚಿ ಜವಾನನ ಕೈಗೆ ಕೊಟ್ಟು, ಕೊಟ್ಟೆ ಅಂತ ಪುಸ್ತಕದಲ್ಲಿ ಬರೆಸಿ ಹೋದರಂತೆ.

ನನ್ನ ಸಹಾಯವೇತನ? ಯುದ್ಧದ ಗದ್ದಲದಲ್ಲಿ ಆ ಸಹಕಾರವೇ ನಿಂತುಹೋಯಿತು. ಅವನಿಂದ ಒಂದು ವಿಷಾದದ ಕಾಗದ ಬಂತು, ಅಷ್ಟೇ. ಮಾಡಿದ ಪಾಪಕ್ಕೆ ಕೂಲಿಯೂ ಸಿಗಲಿಲ್ಲ.

ಮುಂದಿನ ಮಳೆಗಾಲ ಹೊಳೆ ಮೇಲೆ ಬಂತು. ಕೊಕ್ಕನೂರಿನ ಕೆಳಗಿನ ಕೇರಿಯ ಗೋಡೆಗಳು ಕುಸಿದವು. ಅದಾಗಿ ಬೇಸಿಗೆಯ ಒಂದು ಬೆಳಿಗ್ಗೆ ಹರಿಹರದ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಅಟೆಂಡರ್ ನನ್ನ ಮುಂದೆ ನಿಂತಿದ್ದರು. ಆಗ ಹರಿಹರದಲ್ಲೇ ಹೆಂಡತಿಯ ತವರಿನವರ ಹತ್ತಿರ ಮನೆ ಮಾಡಿಕೊಂಡು, ಕಾಳಿನ ಮಂಡಿಯಲ್ಲಿ ಚೀಲ ಹೊಲಿಯುತ್ತಿದ್ದರು. ಉಗುರಿನ ಕೆಂಪು ಹೋಗಿತ್ತು.

"ಅಕ್ಕೋರೆ, ಒಂದು ಕೇಳಲೇನ್ರಿ? ಆ ಮುದುಕಿ ಗಡಿಗಿ ಹೊಳಿಗೆ ಹೋತಂತೆ. ಬಿತ್ತಾಕ ಬೀಜ ಕೇಳ್ಕೊಂಡು ಮಂಡಿಗೆ ಬಂದಿದ್ಲು. ನನ್ನ ಗಡಿಗಿ ಹೆಡ್ ಸಾಹೇಬರ ಬೀರುನಾಗೆ ಇರ್ಬೇಕು. ಆಕೀದು ಹದಿನೇಳನೇ ಅಂಕಿ. ಒಂದೇ ಒಂದು ಹಿಡಿ ಕೊಡಸ್ರಿ. ಆಣಿ ಮಾಡೀನಿ."

ಕೆಲಸದ ಮಾತಿಲ್ಲ, ಮಾನದ ಮಾತಿಲ್ಲ. ಒಂದು ಹಿಡಿ ಜೋಳ.

ಅವತ್ತು ಹೆಡ್ ಸಾಹೇಬರು ಇಲ್ಲದ ಹೊತ್ತು ನೋಡಿ ಬೀರು ತೆಗೆದೆ. ಸಾಕ್ಷಿಯ ಮಾಲು ಅಂತ ಗಡಿಗೆಯಿಂದ ಬೂದಿ ಕೊಡವಿ, ಗಂಟುಗಳನ್ನು ಒಂದು ಕಾಗದದ ಪೆಟ್ಟಿಗೆಯಲ್ಲಿ ತುರುಕಿದ್ದರು. ಹದಿನೇಳನೆಯ ಗಂಟು ಬಿಚ್ಚಿದೆ. ಒಳಗೆ ಹಿಟ್ಟು, ಅದರಲ್ಲಿ ಓಡಾಡುವ ಹುಳ. ಒಂದೊಂದೇ ಎಲ್ಲ ಗಂಟೂ ಬಿಚ್ಚಿ ನೋಡಿದೆ. ಮುಂಬಯಿಯಲ್ಲಿ ಉಳಿದ ಪಾರ್ಸೆಲ್ ಎಂದೋ ಮುಗ್ಗಿ ತಿಪ್ಪೆಗೆ ಹೋಗಿತ್ತು. ಅತ್ತೆಯಿಂದ ಸೊಸೆಗೆ ಬಂದ ಬೀಜ ನಮ್ಮ ಕೈಗೆ ಬಂದು ಮೂರೇ ವರ್ಷಕ್ಕೆ ನಿರ್ನಾಮವಾಯಿತು. ಅದನ್ನು ಅವರಿಗೆ ಹೇಳಲು ನನ್ನಿಂದಾಗಲಿಲ್ಲ. ಮಾರನೆಯ ದಿನದಿಂದ ರೈಲು ಬಿಟ್ಟು ಬಸ್ಸಿಗೆ ಓಡಾಡಿದೆ. ಒಂದು ತಿಂಗಳು ಅವರು ಪ್ಲಾಟ್‌ಫಾರ್ಮಿನಲ್ಲಿ ನನಗಾಗಿ ಕಾದರಂತೆ, ನಿಲ್ದಾಣದ ಹಣ್ಣಿನವನು ಹೇಳಿದ.

ಇನ್ನೊಂದು ಹೇಳಿಬಿಡುತ್ತೇನೆ, ಇದೊಂದು ಯಾಕೆ ಉಳಿಯಬೇಕು? ಆಮೇಲೆ ಒಂದೆರಡು ವರ್ಷಕ್ಕೆ, ಹೊರದೇಶದವರ ಜೊತೆ ಸಂಶೋಧನೆ ಮಾಡುವಾಗ ಯಾವ ಎಚ್ಚರ ವಹಿಸಬೇಕು ಎಂದು ನಿಯಮ ಬರೆಯಲು ಕಾಲೇಜು ಒಂದು ಸಮಿತಿ ಮಾಡಿತು. ಬರೆಯುವ ಕೆಲಸ ನನಗೆ ಬಂತು. ಯಾವ ಮಾದರಿ ಹೊರಗೆ ಹೋದರೂ ಒಂದು ಪಾಲು ಇಲ್ಲಿ ಉಳಿಯಬೇಕು. ಹೆಸರು, ಊರು ಹೊರಗೆ ಹೋಗಬಾರದು, ಅಂಕಿ ಮಾತ್ರ. ಕೇಳಿದ್ದಕ್ಕಿಂತ ಹೆಚ್ಚು ಕೊಡಬಾರದು. ಅತಿಥಿಗಳನ್ನು ಸಂಗ್ರಹದ ಕೋಣೆಯಲ್ಲಿ ಒಬ್ಬರನ್ನೇ ಬಿಡಬಾರದು. ಲಿಖಿತ ಅಪ್ಪಣೆ ಇಲ್ಲದೆ ಏನೂ ಚಲಿಸಬಾರದು. ಸಭೆಯಲ್ಲಿ ಓದಿದೆ. "ಎಂಥ ದೂರದೃಷ್ಟಿ!" ಅಂದರು. ಹೆಡ್ ಸಾಹೇಬರೇ ಎದ್ದು ನಿಂತು ಹೊಗಳಿದರು. ಊರಿಗೆಲ್ಲ ಶಾಸ್ತ್ರ ಹೇಳುವ ಹಲ್ಲಿ ಬೀಳುವುದು ಗೊಬ್ಬರದ ಗುಂಡಿಗೆ ಅನ್ನುತ್ತಾರೆ. ನಾನು ಬೀಳಲೂ ಇಲ್ಲ, ಮೇಲೆಯೇ ಕೂತೆ. ಮುಂದಿನ ವರ್ಷ ಲೆಕ್ಚರರ್ ಆದೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಹೋದರು. ಮಂಡಿಯ ಧೂಳಿಗೆ ಎದೆ ಹಿಡಿದಿತ್ತಂತೆ. ಸುದ್ದಿ ಗೊತ್ತಾದದ್ದು ಮಣ್ಣಾದ ಮೂರನೆಯ ದಿನ. ಹೋದೆ. ಹೊಳೆಯ ಕಡೆಯ ಒಂದು ಸಣ್ಣ ಮನೆ. ಅವರ ಹೆಂಡತಿ ನನ್ನನ್ನು ಗುರುತು ಹಿಡಿದು "ಬರ್ರಿ ಅಕ್ಕೋರೆ, ಕೂಡ್ರಿ" ಅಂದು ಚಾಪೆ ಹಾಸಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ದೇವರ ಗೂಡಿನಿಂದ ಉಕ್ಕಡಗಾತ್ರಿಯ ಭಂಡಾರದ ಚೀಲ ತೆಗೆದು, ಅದರೊಳಗಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ಕೊಟ್ಟರು. "ಇದು ನಿಮಗೆ ಕೊಡು ಅಂದಿದ್ರು. ಅವತ್ತು ವಿಚಾರಣಿ ಐತೆ ಅಂತ ಗೊತ್ತಾದ ಕೂಡ್ಲೇ ಮನಿಗೆ ತಂದು ಈ ಚೀಲದಾಗಿಟ್ರು. ಮನಿ ಹುಡುಕಾಕ ಬಂದವರು ದೇವರ ಗೂಡು ಮುಟ್ಟಲಿಲ್ಲ. ಸುಟ್ಟುಬಿಡ್ರಿ ಅಂತ ನಾ ಅಂದೆ. 'ಪೂರಾ ಇಲ್ಲದಂಗೆ ಮಾಡಬಾರ್ದು, ಅಕ್ಕೋರ್ದು ಅಕ್ಕೋರಿಗೇ ಹೋಗ್ಲಿ' ಅಂದ್ರು."

"ಅವತ್ತೇ ಯಾಕ ತೋರಿಸ್ಲಿಲ್ಲ ಅವರು?" ಅಂದೆ.

"ನಾನೂ ಕೇಳಿದ್ನಲ್ರಿ. 'ಓದಿದ ಹೆಣ್ಮಗಳು, ಒಂದು ಮಾತು ತಾನೇ ಹೇಳ್ತಾಳೆ ಬಿಡು' ಅಂದ್ರು. ಎಲ್ಡು ವರ್ಷ ಹಂಗೇ ಅನ್ಕೊಂತ ಇದ್ರು. ಆಮ್ಯಾಲೆ ಆ ಮಾತು ಬಿಟ್ರು."

ಆ ಕಾಗದ ಹಿಡಿದು ಮಾರನೆಯ ದಿನ ಹೆಡ್ ಸಾಹೇಬರ ಹತ್ತಿರ ಹೋದೆ. ಅಷ್ಟರಲ್ಲಿ ಅವರು ಪ್ರಿನ್ಸಿಪಾಲರಾಗಿದ್ದರು. ಕಳ್ಳ ಅಂತ ಬರೆದದ್ದನ್ನು ಹೊಡೆದು ಹಾಕಿ, ಆ ಹೆಂಗಸಿಗಾದರೂ ನ್ಯಾಯ ಸಿಗಲಿ ಅಂದೆ. ಅವರು ಕನ್ನಡಕ ಏರಿಸಿ ಓದಿದರು, ಮಡಿಚಿದರು, ನನ್ನ ಕಡೆ ತಳ್ಳಿದರು. "ಸತ್ತವನಿಗೆ ಇದರಿಂದ ಏನಾಗಬೇಕಮ್ಮ? ಇದು ಹೊರಬಿದ್ದರೆ ನಿನ್ನ ಗತಿ ಏನು ಯೋಚನೆ ಮಾಡಿದ್ದೀಯಾ?" ಅಂದರು. ನಾನು ಕಾಗದ ತೆಗೆದುಕೊಂಡು ಹೊರಗೆ ಬಂದೆ. ಮೆಟ್ಟಿಲು ಇಳಿಯುವಾಗ ನನ್ನ ಎದೆ ಹಗುರವಾಗಿತ್ತು. ಸುಳ್ಳು ಹೇಳಿದ್ದಕ್ಕೆ, ಕೀಲಿಕೈಗೆ, ನಕ್ಷೆಗೆ ನನ್ನನ್ನು ನಾನು ಹೇಗೋ ಕ್ಷಮಿಸಿಕೊಂಡೇನು. ಆ ಹಗುರಕ್ಕೆ ಮಾತ್ರ ಕ್ಷಮೆ ಇಲ್ಲ.

ಈಗ ನನಗೂ ವಯಸ್ಸಾಯಿತು, ನನ್ನ ಗತಿಯ ಚಿಂತೆ ಯಾರಿಗೂ ಇಲ್ಲ. ಕಾಗದ ನನ್ನ ಮುಂದೆಯೇ ಇದೆ. ಅವರ ದುಂಡು ಅಕ್ಷರ, ಮಸಿ ಕಂದಿದೆ. ಮೇಲಿನ ಸಾಲುಗಳಲ್ಲಿ ಕತ್ತರಿ, ಬಾಟಲಿ, ತಕ್ಕಡಿ ತೆಗೆದುಕೊಂಡು ಹೋದವರ ಹೆಸರು. ಪ್ರತಿ ಸಾಲಿನ ಕೊನೆಗೆ "ವಾಪಸ್ ಬಂತು". ಕೆಳಗಿನ ಎರಡು ಸಾಲು ನನ್ನವು. "ಲಕೋಟಿ ಒಂದು, ಅಕ್ಕೋರು ಕೊಟ್ಟರು, ಪಾರ್ಸಲ್ ಒಳಗೆ ಇಟ್ಟೆ." ಅದರ ಮೇಲಿನದು, "ಬೀಜದ ಬೀರು ಕೀಲಿಕೈ, ಅಕ್ಕೋರ ಕೈಗೆ ಕೊಟ್ಟೆ, ಎಣಿಸಾಕೆ." ಸ್ಟೂಲಿನ ಮೇಲೆ ಸಿಕ್ಕ ಕೀಲಿಕೈಯನ್ನು ಅವರು ಲೆಕ್ಕಕ್ಕೆ ಹಿಡಿದಿಲ್ಲ. ಆ ಸಾಲಿನ ಕೊನೆಯ ಮನೆ ಇವತ್ತಿಗೂ ಖಾಲಿಯೇ ಇದೆ.